ಒರೆಸಿದ ಜಾಗ

"ಗುರುಗಳೇ, ಹೇಳಿದರೆ ಈಗ ಯಾರಿಗೂ ಉಪಯೋಗವಾಗದ ಸತ್ಯವನ್ನು ಹೇಳಲೇಬೇಕೇ?"

ಕೇಳಿದವನು ತಿಪ್ಪೇಶ. ಮೂರು ವರ್ಷದಿಂದ ಮರುಳಯ್ಯನವರ ಬಳಿ ಪಾಠಕ್ಕೆ ಬರುತ್ತಿದ್ದ. ಪಾಠದ ಹೊರಗಿನ ಪ್ರಶ್ನೆಯನ್ನು ಅವನು ಕೇಳಿದ್ದು ಅದೇ ಮೊದಲು.

ಮರುಳಯ್ಯನವರು ಅವನ ಮುಖ ನೋಡಿದರು. ಯಾವ ಸತ್ಯ ಎಂದು ವಿಚಾರಿಸಲಿಲ್ಲ. ಓದುತ್ತಿದ್ದ ಪುಸ್ತಕ ಮುಚ್ಚಿಟ್ಟು ಒಂದು ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಚಾಲಕನಿದ್ದ. ಒಂದೇ ಮನೆಯಲ್ಲಿ, ಒಂದೇ ಕಾರನ್ನು ಹದಿನೆಂಟು ವರ್ಷ ಓಡಿಸಿದ್ದ. ಆ ಮನೆಯಲ್ಲಿದ್ದವರು ಒಬ್ಬರೇ, ವಯಸ್ಸಾದ ಅಮ್ಮ. ಅವರ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಎಪ್ಪತ್ತು ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಿತ್ತು. ಮುಗಿಯುವ ಹೊತ್ತಿಗೆ ನಡುಮಧ್ಯಾಹ್ನ. ರಕ್ತದೊತ್ತಡ ಇಳಿದಿರುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. "ವಾಪಸ್ ಹೋಗುವಾಗ ಇವರಿಗೆ ಸೆಕೆ ತಗಲಬಾರದು" ಎಂದು ವೈದ್ಯರು ಚಾಲಕನಿಗೇ ಹೇಳಿದ್ದರು. ಆದ್ದರಿಂದ ಆ ಹಳೆಯ ಕಾರಿನ ಎ.ಸಿ. ಆ ಮನೆಯ ಮಟ್ಟಿಗೆ ಸುಖದ ವಸ್ತುವಾಗಿರಲಿಲ್ಲ. ಅಮ್ಮ ಆಸ್ಪತ್ರೆಗೆ ಹೋಗಿಬರುವುದು ಅದರ ಮೇಲೆ ನಿಂತಿತ್ತು.

ಚಾಲಕನಿಗೆ ಒಂದು ನೇಮವಿತ್ತು. ಬೇರೆ ಚಾಲಕರು ಕಾರಿನ ಹೊರಮೈ ತೊಳೆಯುತ್ತಾರೆ. ಇವನು ಬೆಳಗೆದ್ದು ಮೊದಲು ಬಾನೆಟ್ ಎತ್ತುತ್ತಿದ್ದ. ಎಂಜಿನ್ನು, ಪೈಪುಗಳು, ಕೀಲುಗಳು, ವೈರಿನ ಸಂದು, ಎಲ್ಲವನ್ನೂ ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಿದ್ದ. ಒರೆಸಿದ ಮೇಲೆ ಇನ್ನೊಂದು ಬಿಳಿ ತುಂಡಿನಿಂದ ತೀಡಿ ನೋಡುತ್ತಿದ್ದ. ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿದರೆ ಮಾತ್ರ ಬಾನೆಟ್ ಮುಚ್ಚುತ್ತಿದ್ದ.

ಆಸ್ಪತ್ರೆಯ ಅಂಗಳದಲ್ಲಿ ಕಾಯುವ ಚಾಲಕರು ಅವನ ಕಾರಿನ ಬಾನೆಟ್ ತೆಗೆಸಿ ನೋಡುತ್ತಿದ್ದರು. "ಅಣ್ಣನ ಎಂಜಿನ್ ಮೇಲೆ ಅನ್ನ ಬಡಿಸ್ಕೊಂಡು ಉಣ್ಣಬಹುದು ಕಣ್ರೋ" ಎನ್ನುತ್ತಿದ್ದರು. ಅವನಿಗೆ ಹೊಲವಿರಲಿಲ್ಲ, ಓದು ಇರಲಿಲ್ಲ. ಊರಿನಲ್ಲಿ ಅವನದು ಅಂತ ಇದ್ದದ್ದು ಆ ಮಾತು ಒಂದೇ. ಕೈ ಚೊಕ್ಕ, ಕೆಲಸ ಚೊಕ್ಕ ಎಂಬ ಹೆಸರು.

ಒಂದು ವರ್ಷ ಶಿವರಾತ್ರಿ ಕಳೆದು ಬಿಸಿಲು ಏರುವಾಗ ಎ.ಸಿ.ಯಿಂದ ಬಿಸಿಗಾಳಿ ಬರತೊಡಗಿತು. ಊರಿನಲ್ಲಿ ಒಬ್ಬ ಎ.ಸಿ. ಮೆಕ್ಯಾನಿಕ್ ಇದ್ದ. ಗ್ಯಾಸ್ ಖಾಲಿಯಾಗಿದೆ ಎಂದು ತುಂಬಿಸಿಕೊಟ್ಟ. ಮೂರು ವಾರಕ್ಕೆ ಮತ್ತೆ ಬಿಸಿಗಾಳಿ.

"ಇನ್ನೊಂದು ಸಲ ತುಂಬಿಬಿಡಿ ಮೇಸ್ತ್ರಿ" ಎಂದ ಚಾಲಕ.

"ತುಂಬೋದು ದೊಡ್ಡ ಕೆಲಸ ಅಲ್ಲಣ್ಣ. ಎಲ್ಲಿ ಹೋಗ್ತಿದೆ ಅಂತ ನೋಡದೆ ತುಂಬಿದ್ರೆ ಅದು ಮೋಸ."

ಆ ಮೆಕ್ಯಾನಿಕ್ ಹಾಗೆಯೇ ಇದ್ದ. ಕಾರಣ ಸಿಗದೆ ಕೈ ತೊಳೆಯುವವನಲ್ಲ. ಗ್ಯಾಸು ಮೂಸಿ ಹಿಡಿಯುವ ಯಂತ್ರ ಆ ಊರಿಗೆ ಇನ್ನೂ ಬಂದಿರಲಿಲ್ಲ. ಇದ್ದದ್ದು ಎರಡು ದಾರಿ. ಮೊದಲನೆಯದು ಸೋಪಿನ ನೀರು. ಪ್ರತಿ ಕೀಲಿಗೂ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಅರ್ಧ ದಿನ ಕಾದ. ಒಂದೂ ಏಳಲಿಲ್ಲ. ಎರಡನೆಯದು ಕಣ್ಣು. ಟಾರ್ಚ್ ಹಿಡಿದು ಪೈಪಿನ ಉದ್ದಕ್ಕೂ ಹುಡುಕಿದ. ಎಲ್ಲ ಫಳಫಳ ಹೊಳೆಯುತ್ತಿತ್ತು. ಅವನು ಟಾರ್ಚ್ ಆರಿಸಿ ಚಾಲಕನ ಕಡೆ ತಿರುಗಿದ.

"ಇದನ್ನ ಯಾರು ಒರೆಸ್ತಾರೆ?"

"ನಾನೇ. ದಿನಾ." ಚಾಲಕ ಹೊಗಳಿಕೆಗೆ ಕಾದ.

"ಅಯ್ಯೋ ಅಣ್ಣ, ಕಳ್ಳ ಬಂದ ಮನೇಲಿ ಹೆಜ್ಜೆ ಗುರುತು ಗುಡಿಸಿ ಪೊಲೀಸರನ್ನ ಕರೆದಂಗಾಯ್ತು."

ಆಮೇಲೆ ಬಿಡಿಸಿ ಹೇಳಿದ. ಪೈಪಿನೊಳಗೆ ಗ್ಯಾಸಿನ ಜೊತೆ ಸ್ವಲ್ಪ ಎಣ್ಣೆಯೂ ಓಡಾಡುತ್ತದೆ. ಗ್ಯಾಸು ಸೋರುವ ಕಡೆ ಆ ಎಣ್ಣೆಯೂ ಜಿನುಗುತ್ತದೆ. ಗ್ಯಾಸು ಗಾಳಿಗೆ ಹೋಗಿಬಿಡುತ್ತದೆ, ಎಣ್ಣೆ ಅಲ್ಲೇ ಉಳಿಯುತ್ತದೆ. ಎಣ್ಣೆಗೆ ಧೂಳು ಅಂಟಿ ಕಪ್ಪು ಕಲೆಯಾಗುತ್ತದೆ. ಕಲೆ ಎಲ್ಲಿದೆಯೋ ಸೋರಿಕೆ ಅಲ್ಲಿ. ದಿನವೂ ಒರೆಸಿದರೆ ಕಲೆ ಎಲ್ಲಿಂದ ಬರಬೇಕು?

"ಇವತ್ತು ಗ್ಯಾಸ್ ತುಂಬ್ತೀನಿ. ಹದಿನೈದು ದಿನ ಬಟ್ಟೆ ಮುಟ್ಟಿಸಬೇಡ. ಧೂಳು ಕೂರಲಿ. ಆಮೇಲೆ ಬಾ."

"ಹದಿನೈದು ದಿನವಾ?"

"ಏನಣ್ಣ, ಉಪವಾಸ ಇರು ಅಂದಂಗೆ ಮುಖ ಮಾಡ್ತೀಯ!"

ಇಲ್ಲಿ ತಿಪ್ಪೇಶ ನಡುವೆ ಮಾತಾಡಿದ. "ಅಲ್ಲಿಯವರೆಗೆ ಚಾಲಕನ ತಪ್ಪೇನೂ ಇಲ್ಲ, ಗುರುಗಳೇ. ಅವನಿಗೆ ತಿಳಿದಿರಲಿಲ್ಲ."

"ಅಲ್ಲಿಯವರೆಗೆ ಇಲ್ಲ" ಎಂದು ಗುರುಗಳು ಮುಂದುವರಿಸಿದರು.

ಚಾಲಕ ಮಾತು ಉಳಿಸಿಕೊಂಡ. ಬೆಳಗೆದ್ದರೆ ಕೈ ಸುಮ್ಮನಿರುತ್ತಿರಲಿಲ್ಲ, ಆದರೂ ಬಾನೆಟ್ ಎತ್ತಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಒಬ್ಬ ತಾನೇ ಬಾನೆಟ್ ಎತ್ತಿ, "ಏನಣ್ಣ, ಮೈಗೆ ಬೂದಿ ಬಳಿದು ಸನ್ಯಾಸ ಕೊಡಿಸಿದೀಯಾ ಗಾಡಿಗೆ?" ಎಂದ. ಎಲ್ಲರೂ ನಕ್ಕರು. ಚಾಲಕ ಅದನ್ನೂ ನುಂಗಿಕೊಂಡ.

ಹನ್ನೆರಡನೆಯ ದಿನ ಬೆಳಗ್ಗೆ ತಡೆಯಲಾಗದೆ ತಾನೇ ಬಾನೆಟ್ ಎತ್ತಿ ನೋಡಿದ. ಧೂಳು ಎಲ್ಲೆಡೆ ಒಣಗಿ ಕುಳಿತಿತ್ತು. ಕಂಪ್ರೆಸರಿನಿಂದ ಹೊರಟ ಪೈಪಿನ ಕೀಲಿನಲ್ಲಿ ಮಾತ್ರ ಎಂಟಾಣೆಯಗಲದ ಕಪ್ಪು ಕಲೆ. ಬೆರಳಿಟ್ಟ. ಜಾರಿತು. ಎಣ್ಣೆ.

ಅವನಿಗೆ ಮೊದಲು ಬಂದದ್ದು ಸಂತೋಷ. ಸಿಕ್ಕಿತು ಎಂದುಕೊಂಡ. ಆಮೇಲೆ ಕಲೆಯ ಪಕ್ಕದಲ್ಲೇ ಒಂದು ಖಾಲಿ ಸ್ಕ್ರೂ ತೂತು ಕಾಣಿಸಿತು.

ಆ ಪೈಪನ್ನು ಅಲುಗದಂತೆ ಕಾರಿನ ಮೈಗೆ ಬಿಗಿದು ಹಿಡಿಯುವ ಒಂದು ಕ್ಲಾಂಪ್ ಅಲ್ಲಿರಬೇಕಿತ್ತು. ಹಿಂದಿನ ಆಯುಧಪೂಜೆಗೆ ಅದನ್ನು ಬಿಚ್ಚಿದವನು ಅವನೇ. ಕ್ಲಾಂಪಿನ ಹಿಂದೆ ಬಟ್ಟೆ ಹೋಗದ ಕಡೆ ಮಣ್ಣು ಕಟ್ಟಿತ್ತು. ಒರೆಸಿ ಮತ್ತೆ ಹಾಕುವಾಗ ಸ್ಕ್ರೂ ಕೈಜಾರಿ ಬಿತ್ತು, ಸಿಗಲಿಲ್ಲ. ಪೈಪು ಹೇಗೂ ನಿಂತಿದೆಯಲ್ಲ ಎಂದು ಬಿಟ್ಟಿದ್ದ. ಕ್ಲಾಂಪ್ ಇಲ್ಲದಿದ್ದರೆ ಒರೆಸುವುದಕ್ಕೂ ಸಲೀಸು. ಅಂದಿನಿಂದ ಎಂಜಿನ್ ನಡುಗಿದಾಗಲೆಲ್ಲ ಪೈಪು ನಡುಗಿತ್ತು. ಕೀಲಿನೊಳಗಿನ ರಬ್ಬರ್ ರಿಂಗು ಸವೆದಿತ್ತು. ಎಂಜಿನ್ ನಿಂತಾಗ ಕೀಲು ಕೂಡಿಕೊಳ್ಳುತ್ತಿತ್ತು. ಅದಕ್ಕೇ ನೊರೆಯಲ್ಲಿ ಗುಳ್ಳೆ ಎದ್ದಿರಲಿಲ್ಲ.

ಇಷ್ಟೆಲ್ಲ ಅವನಿಗೆ ಒಂದೇ ಏಟಿಗೆ ಅರ್ಥವಾಯಿತು. ಹದಿನೆಂಟು ವರ್ಷ ಆ ಎಂಜಿನ್ನಿನ ಮೇಲೆ ಕೈಯಾಡಿಸಿದವನು. ಅರ್ಥವಾಗದೆ ಇರಲು ಸಾಧ್ಯವಿರಲಿಲ್ಲ.

ಕಲೆ ಇಲ್ಲದಾಗ ಮೇಸ್ತ್ರಿಯ ಕಣ್ಣಿಗೆ ಬೀಳದ ತೂತು, ಕಲೆ ತೋರಿಸಿದರೆ ಬೀಳುತ್ತದೆ. ಕ್ಲಾಂಪ್ ಬಿಚ್ಚಿದ್ದು ಯಾರು ಎನ್ನುತ್ತಾನೆ. ಅಮ್ಮನಿಗೆ ತಿಳಿಯುತ್ತದೆ. ಆಸ್ಪತ್ರೆಯ ಅಂಗಳದಲ್ಲಿ ಹಬ್ಬುತ್ತದೆ. ಚೊಕ್ಕ ಮಾಡಲು ಹೋಗಿ ಗಾಡಿ ಕೆಡಿಸಿದ ಎನ್ನುತ್ತಾರೆ.

ತೋರಿಸದೆಯೂ ಸರಿಮಾಡಬಹುದು ಎಂದು ಅವನಿಗೆ ಅನ್ನಿಸಿತು. ಕ್ಲಾಂಪ್ ಕಾರಿನ ಡಬ್ಬಿಯಲ್ಲೇ ಇತ್ತು. ಅಂಗಡಿಯಿಂದ ಸ್ಕ್ರೂ ತಂದು ಬಿಗಿದ. ಪೈಪು ಇನ್ನು ಅಲುಗದು, ಇನ್ನು ಸೋರದು ಎಂದುಕೊಂಡ. ಸವೆದ ರಿಂಗು ಬಿಗಿದ ಮಾತ್ರಕ್ಕೆ ಬೆಳೆಯುವುದಿಲ್ಲ ಎಂಬುದನ್ನು ನೆನೆಯಲಿಲ್ಲ. ಕಲೆಯನ್ನು ಒರೆಸಿದ.

ಒರೆಸಿದ ಜಾಗ ಸುತ್ತಲಿನ ಧೂಳಿನ ನಡುವೆ ಹೊಳೆಯಿತು. ಅದು ಕಲೆಗಿಂತ ಹೆಚ್ಚು ಎದ್ದು ಕಾಣುತ್ತಿತ್ತು. ಚಾಲಕ ರಸ್ತೆಯ ಬದಿಗೆ ಹೋಗಿ ಒಂದು ಚಿಟಿಕೆ ಧೂಳು ತಂದ. ಹದಿನೆಂಟು ವರ್ಷ ಧೂಳು ತೆಗೆದ ಕೈಯಿಂದಲೇ ಆ ಜಾಗಕ್ಕೂ, ಹೊಸ ಸ್ಕ್ರೂವಿಗೂ ಧೂಳು ಸವರಿದ.

ಹದಿನೈದನೆಯ ದಿನ ಮೆಕ್ಯಾನಿಕ್ ಟಾರ್ಚ್ ಹಿಡಿದು ಒಂದೊಂದೇ ಕೀಲು ನೋಡಿದ. ಎಲ್ಲ ಒಣಧೂಳು.

"ಒರೆಸಿಲ್ಲ ತಾನೆ ಅಣ್ಣ?"

"ಒರೆಸಿಲ್ಲ."

"ಎಣ್ಣೆ ಪಸೆ ಎಲ್ಲೂ ಕಾಣಲಿಲ್ವಾ?"

"ಇಲ್ಲ."

ಮೆಕ್ಯಾನಿಕ್ ತಲೆಯಾಡಿಸಿದ. ಹೊರಗಿಲ್ಲ ಎಂದರೆ ಒಳಗೆ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಕಾರಿನೊಳಗೆ, ಡ್ಯಾಶ್‌ಬೋರ್ಡಿನ ಹಿಂದೆ, ಗಾಳಿಯನ್ನು ತಣ್ಣಗೆ ಮಾಡುವ ಕೂಲಿಂಗ್ ಕಾಯಿಲ್ ಇರುತ್ತದೆ. ಅದು ಸೋರಿದರೆ ಹೊರಗಿನಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಮೂರು ದಿನದ ಕೆಲಸ. ಅಮ್ಮನ ಬಳಿ ಹೋಗಿ ಹೇಳಿದ. ಅಮ್ಮ ಚಾಲಕನನ್ನು ನೋಡಿದರು.

"ನೀನೇನಂತೀಯಪ್ಪ?"

"ಮೇಸ್ತ್ರಿ ಹೇಳಿದ ಹಾಗೆ, ಅಮ್ಮ."

ಅಮ್ಮನ ಒಂದು ಡಯಾಲಿಸಿಸ್ ಸರದಿಯನ್ನು ಮುಂದಕ್ಕೆ ಹಾಕಿಸಿದರು. ಮೂರು ದಿನವೂ ಚಾಲಕ ಗ್ಯಾರೇಜಿನಲ್ಲೇ ನಿಂತಿದ್ದ. ಸ್ಟೀರಿಂಗ್ ಹೊರಬಂತು. ಡ್ಯಾಶ್‌ಬೋರ್ಡ್ ಹೊರಬಂತು. ವೈರುಗಳು ಕರುಳಿನ ಹಾಗೆ ಜೋತುಬಿದ್ದವು. ಒಮ್ಮೆ ಅವನು, "ಮೇಸ್ತ್ರಿ" ಎಂದು ಕರೆದ. ಮೆಕ್ಯಾನಿಕ್ ತಲೆ ಎತ್ತಿದ.

"ಏನಣ್ಣ?"

"ನಿಧಾನ. ಹಳೇ ಪ್ಲಾಸ್ಟಿಕ್ಕು, ಮುರಿದುಬಿಡುತ್ತೆ."

ಹಳೆಯ ಕಾಯಿಲನ್ನು ಹೊರತೆಗೆದು, ಗಾಳಿ ತುಂಬಿ, ಮೆಕ್ಯಾನಿಕ್ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ಗುಳ್ಳೆ ಬರಲಿಲ್ಲ. ಬಹಳ ಹೊತ್ತು ನೀರನ್ನೇ ನೋಡಿದ. ನೀರು ಒಂದು ಹೇಳುತ್ತಿತ್ತು, ಚಾಲಕನ ಮಾತು ಇನ್ನೊಂದು ಹೇಳಿತ್ತು. ಎರಡರಲ್ಲಿ ಮೆಕ್ಯಾನಿಕ್ ಮನುಷ್ಯನ ಮಾತನ್ನು ನಂಬಿದ. ಕಾಯಿಲ್ ತಣ್ಣಗಾದಾಗ ಮಾತ್ರ ಬಿರುಕು ಬಿಡುತ್ತದೇನೋ ಎಂದು ತನಗೆ ತಾನೇ ಹೇಳಿಕೊಂಡು ಹೊಸ ಕಾಯಿಲ್ ಕೂರಿಸಿದ.

ಹತ್ತೊಂಬತ್ತು ದಿನ ಕಾರು ತಣ್ಣಗಿತ್ತು.

ಇಪ್ಪತ್ತನೆಯ ದಿನ ಆಸ್ಪತ್ರೆಯಿಂದ ವಾಪಸ್ ಬರುವಾಗ, ಅರ್ಧ ದಾರಿಯಲ್ಲಿ, ಎ.ಸಿ.ಯಿಂದ ಬೆಂಕಿಯಂಥ ಗಾಳಿ ಬಂತು. ಏಪ್ರಿಲ್ ತಿಂಗಳು. ಗಾಜು ಇಳಿಸಿದರೆ ಹೊರಗಿನ ಗಾಳಿ ಇನ್ನೂ ಬಿಸಿ. ಅಮ್ಮ ಹಿಂದಿನ ಸೀಟಿನಲ್ಲಿ ಒರಗಿ ಕಣ್ಣು ಮುಚ್ಚಿಬಿಟ್ಟರು. ಚಾಲಕ ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ಒದ್ದೆ ಟವೆಲ್ಲಿನಿಂದ ಅವರ ಮುಖ ಒರೆಸಿ, ಫ್ಯಾನಿನ ಕೆಳಗೆ ಬೆಂಚಿನ ಮೇಲೆ ಮಲಗಿಸಿದ. ಕಣ್ಣು ಬಿಡಲು ಮುಕ್ಕಾಲು ಗಂಟೆ ಬೇಕಾಯಿತು.

ಮರುದಿನ ಅಮ್ಮನ ಅಣ್ಣನ ಮಗ ಚಾಲಕನನ್ನೂ ಕರೆದುಕೊಂಡು ಗ್ಯಾರೇಜಿಗೆ ಬಂದ. ಅವನು ವಕೀಲ. ಊರಿನ ಹತ್ತು ಜನ ಅಲ್ಲಿ ಗಾಡಿ ತಂದು ನಿಂತಿದ್ದರು.

"ಏನಯ್ಯ, ಚೆನ್ನಾಗಿದ್ದ ಕಾಯಿಲ್ ಕಿತ್ತು ಹೊಸದು ಮಾರಿದ್ಯಾ? ನಮ್ಮತ್ತೆ ನಿನ್ನೆ ದಾರೀಲೇ ಹೋಗಿಬಿಡ್ತಿದ್ರು!"

"ಸರ್, ಹೊರಗೆ ಎಲ್ಲೂ ಎಣ್ಣೆ ಇರಲಿಲ್ಲ. ಅದಕ್ಕೇ ಒಳಗೆ ಅಂದೆ. ಬೇಕಾದರೆ ಡ್ರೈವರಣ್ಣನ್ನ ಕೇಳಿ."

ವಕೀಲ ಚಾಲಕನ ಕಡೆ ತಿರುಗಿದ. "ಇವನು ಹೇಳೋದು ಬಿಡು. ಒಳಗೆ ಸೋರ್ತಿದೆ ಅನ್ನೋದಕ್ಕೆ ಗುರುತು ಏನಾದ್ರೂ ನಿನಗೆ ತೋರಿಸಿದ್ನಾ?"

ಮೆಕ್ಯಾನಿಕ್ ಚಾಲಕನನ್ನು ನೋಡುತ್ತಿದ್ದ. ಆ ನೋಟದಲ್ಲಿ ಅನುಮಾನವಿರಲಿಲ್ಲ. ತನ್ನ ಕಡೆಯ ಸಾಕ್ಷಿ ಬಾಯಿ ತೆರೆಯಲಿ ಎಂದು ಕಾಯುವವನ ನೋಟ ಅದು.

"ನನಗೇನೂ ತೋರಿಸಲಿಲ್ಲ, ಸರ್" ಎಂದ ಚಾಲಕ.

ಅದು ಸುಳ್ಳಲ್ಲ. ಮೆಕ್ಯಾನಿಕ್ ಅವನಿಗೆ ನಿಜವಾಗಿಯೂ ಏನೂ ತೋರಿಸಿರಲಿಲ್ಲ. ಆದರೆ ಆ ಹತ್ತು ಜನರಿಗೆ ಅಷ್ಟು ಸಾಕಾಯಿತು. ಚಿಕ್ಕ ಊರು. ಮುದುಕಿಯ ಜೀವದ ಜೊತೆ ಆಟವಾಡಿದ ಮೆಕ್ಯಾನಿಕ್ ಎಂಬ ಮಾತು ಸಂತೆಯ ದಿನದೊಳಗೆ ಮೂಲೆಮೂಲೆಗೆ ಮುಟ್ಟಿತು. ಆ ಬೇಸಿಗೆಯಲ್ಲಿ ಎ.ಸಿ. ಎಂದು ಯಾರೂ ಅವನ ಬಾಗಿಲಿಗೆ ಬರಲಿಲ್ಲ. ಮಳೆಗಾಲದ ಹೊತ್ತಿಗೆ ಗ್ಯಾರೇಜ್ ಬಿಟ್ಟುಕೊಟ್ಟು, ಬಸ್ ನಿಲ್ದಾಣದ ಪಕ್ಕ ಪಂಚರ್ ಅಂಗಡಿ ಹಾಕಿದ.

ಕಾರನ್ನು ಮತ್ತೆ ಯಾವ ಮೆಕ್ಯಾನಿಕ್‌ನ ಕೈಗೂ ಕೊಡಲು ಅಮ್ಮ ಒಪ್ಪಲಿಲ್ಲ. ಅಣ್ಣನ ಮಗ ಬೇರೆ ಕಾರು, ಬೇರೆ ಚಾಲಕನನ್ನು ಗೊತ್ತುಮಾಡುತ್ತೇನೆ ಎಂದ. ಅಮ್ಮ ಅದಕ್ಕೂ ಒಪ್ಪಲಿಲ್ಲ. "ಇವನ ಕೈ ಬಿಟ್ಟು ಇನ್ನೊಬ್ಬರ ಗಾಡೀಲಿ ನಾನು ಕೂರಲ್ಲ" ಎಂದರು. ಚಾಲಕನಿಗೆ, "ವಾರಕ್ಕೆ ಮೂರು ಸಲ ಆ ಬಿಸಿಲು ನನ್ನ ಕೈಲಾಗಲ್ಲಪ್ಪ. ಎರಡು ಸಲ ಸಾಕು" ಎಂದರು.

ಅಂದೂ ಹೇಳಬಹುದಿತ್ತು. ಒಂದು ರಬ್ಬರ್ ರಿಂಗು, ಅರ್ಧ ಗಂಟೆಯ ಕೆಲಸ. ಆದರೆ ಈಗ ಹೇಳಬೇಕಾದದ್ದು ಕ್ಲಾಂಪಿನ ಮಾತು ಮಾತ್ರವಾಗಿರಲಿಲ್ಲ. ಒರೆಸಿದ್ದನ್ನು, ಧೂಳು ಸವರಿದ್ದನ್ನು, ಹತ್ತು ಜನರ ಮುಂದೆ ನಿಂತದ್ದನ್ನು ಎಲ್ಲ ಹೇಳಬೇಕಿತ್ತು. ಮೊದಲ ದಿನ ಅಂಗೈಯಷ್ಟಿದ್ದ ಮಾತು ಈಗ ಬಾಯಲ್ಲಿ ಹಿಡಿಸದಷ್ಟು ದೊಡ್ಡದಾಗಿತ್ತು. ಬೆಳಗ್ಗೆ ಅವನು ಮತ್ತೆ ಎಂಜಿನ್ ಒರೆಸತೊಡಗಿದ್ದ. ಆ ಕೀಲಿನ ಬಳಿ ಬಂದಾಗ ನೋಡದೆ ಒರೆಸುತ್ತಿದ್ದ.

ಅಮ್ಮ ಮೇ ತಿಂಗಳ ಎರಡನೆಯ ವಾರದಲ್ಲಿ ತೀರಿಕೊಂಡರು. ಮೂರು ಸಲ ಹೋಗಿದ್ದರೆ ಬದುಕುತ್ತಿದ್ದರೋ ಇಲ್ಲವೋ, ವೈದ್ಯರೂ ಹೇಳಲಾರರು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅಣ್ಣನ ಮಗ ಚಾಲಕನನ್ನು ಕರೆದು ಕಾರಿನ ಕೀಲಿಕೈ ಕೊಟ್ಟ. "ಅತ್ತೆ ಬರೆದಿಟ್ಟಿದ್ದಾರೆ. ಈ ಕಾರನ್ನ ನಿನ್ನಷ್ಟು ನಿಯತ್ತಿನಿಂದ ಯಾರೂ ನೋಡಿಕೊಳ್ಳಲ್ಲವಂತೆ. ಇದು ನಿನಗೆ." ನೆಂಟರೆಲ್ಲ ಅವನ ಮುಂದೆ ಕಣ್ಣೊರೆಸಿಕೊಂಡರು. ಚಾಲಕನೂ ಅತ್ತ. ಆ ಅಳು ಯಾವುದಕ್ಕೆ ಎಂದು ಯಾರೂ ಕೇಳಲಿಲ್ಲ.

ಆರು ತಿಂಗಳು ಅವನು ಕಾರನ್ನು ಹೊರಗೆ ತೆಗೆಯಲಿಲ್ಲ. ಆಮೇಲೆ ಹೊಟ್ಟೆಪಾಡು. ಬಾಡಿಗೆಗೆ ಓಡಿಸಲು ನಿರ್ಧರಿಸಿದ. ತನ್ನನ್ನು ಯಾರೂ ಅರಿಯದ ದೂರದ ಊರಿಗೆ ಹೋಗಿ, ಅಲ್ಲಿನ ಮೆಕ್ಯಾನಿಕ್‌ಗೆ ನೇರವಾಗಿ ಆ ಕೀಲನ್ನೇ ಬೆರಳಿಟ್ಟು ತೋರಿಸಿದ. ರಿಂಗು ಬದಲಾಯಿತು. ಗ್ಯಾಸು ತುಂಬಿತು. ಕಾರು ತಣ್ಣಗಾಯಿತು. ಮತ್ತೆ ಬಿಸಿಯಾಗಲಿಲ್ಲ.

ಎರಡು ಬೇಸಿಗೆ ಕಳೆದವು. ಒಂದು ಮಧ್ಯಾಹ್ನ ಬಸ್ ನಿಲ್ದಾಣದ ಬಳಿ ಪ್ರಯಾಣಿಕರು ಚಹಾಕ್ಕೆ ಇಳಿದಿದ್ದರು. ಚಾಲಕ ಗಾಜು ಏರಿಸಿಕೊಂಡು ಒಳಗೇ ಕುಳಿತಿದ್ದ. ಪಂಚರ್ ಅಂಗಡಿಯಿಂದ ಮೆಕ್ಯಾನಿಕ್ ಎದ್ದು ಬಂದು ಗಾಜು ತಟ್ಟಿದ. ಚಾಲಕ ನಾಲ್ಕು ಬೆರಳಷ್ಟು ಇಳಿಸಿದ. ಒಳಗಿನ ತಣ್ಣನೆ ಗಾಳಿ ಮೆಕ್ಯಾನಿಕ್‌ನ ಮುಖಕ್ಕೆ ಬಡಿಯಿತು. ಅವನು ಅದನ್ನು ಒಂದು ಕ್ಷಣ ಸುಮ್ಮನೆ ತೆಗೆದುಕೊಂಡ.

"ಎಲ್ಲಿತ್ತಣ್ಣ?" ಎಂದು ಕೇಳಿದ.

ಚಾಲಕನ ಕೈ ಗಾಜಿನ ಹಿಡಿಕೆಗೆ ಹೋಯಿತು.

"ಜಗಳಕ್ಕೆ ಬಂದಿಲ್ಲಣ್ಣ. ಜನ ಅಂದದ್ದು ಅಂದಾಯ್ತು. ಆದ್ರೆ ಆ ಕಾಯಿಲ್ ನೀರಲ್ಲಿ ಗುಳ್ಳೆ ಬಿಟ್ಟಿರ್ಲಿಲ್ಲ. ಹೊರಗೂ ಇಲ್ಲ, ಒಳಗೂ ಇಲ್ಲ ಅಂದ್ರೆ ಎಲ್ಲಿ? ಇಪ್ಪತ್ತು ವರ್ಷ ಮಾಡಿದ ಕೆಲಸ. ಅದು ನನಗೆ ಬರ್ತಾನೇ ಇರ್ಲಿಲ್ವೇನೋ ಅನ್ನಿಸಿಬಿಟ್ಟಿದೆ. ಸ್ಪ್ಯಾನರ್ ಹಿಡಿಯೋಕೆ ಧೈರ್ಯ ಬರ್ತಿಲ್ಲ. ಎಲ್ಲಿತ್ತು ಅಂತ ಒಂದು ಮಾತು ಹೇಳು, ಸಾಕು."

ಅಮ್ಮ ತೀರಿಹೋಗಿದ್ದಾರೆ, ಈಗ ಹೇಳಿ ಯಾರಿಗೇನು ಉಪಯೋಗ ಎಂದು ಚಾಲಕ ತನ್ನೊಳಗೆ ಹೇಳಿಕೊಂಡ. ಗಾಜು ಏರಿಸಿದ.

ಮರುಳಯ್ಯನವರು ಅಲ್ಲಿಗೆ ನಿಲ್ಲಿಸಿದರು.

ತಿಪ್ಪೇಶನ ಮುಖ ಕೆಂಪಾಗಿತ್ತು. "ಎಂಥ ಮನುಷ್ಯ, ಗುರುಗಳೇ! ಎದುರಿಗೇ ಬಂದು ನಿಂತು ಬೇಡಿದ. ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?"

ಗುರುಗಳು ಕೇಳಿದರು: "ನಿನ್ನ ಮೆಕ್ಯಾನಿಕ್‌ನ ಹೆಸರೇನು?"